ಜಾತ್ರೆಗಳಲ್ಲಿ ಗುರುತಿನ ಕೈಪಟ್ಟಿ

ಶಬರಿಮಲೆಯ ಯಾತ್ರೆಗೆ ನಮ್ಮ ನಾಡಿನಿಂದ ಪ್ರತಿವರ್ಷವೂ ಅಸಂಖ್ಯ ಭಕ್ತರು ತೆರಳುವುದು ವಾಚಕರಿಗೆ ವಿದಿತವೇ ಇದೆ. ಅಲ್ಲಿ ಪಂಪಾತೀರದಲ್ಲಿ ಕೇರಳದ ಪೋಲೀಸಿನವರು, ಹಿರಿಯರೊಡನೆ ಬೆಟ್ಟವೇರುವ ಮಕ್ಕಳ ಮಣಿಕಟ್ಟಿಗೆ ಗುರುತಿನ ಪಟ್ಟಿಯೊಂದನ್ನು ಕಟ್ಟುವ ಪದ್ಧತಿಯನ್ನು ಆಚರಣೆಗೆ ತಂದಿದ್ದಾರೆ. ಮಗುವಿನ ಹೆಸರು, ಜೊತೆಯವರ ಫೋನಿನ ಸಂಖ್ಯೆ, ಇಷ್ಟೇ ಅದರಲ್ಲಿರುವ ಬರಹ. ೨೦೨೪ರ ಮಂಡಲಕಾಲದಲ್ಲಿ ಫೋನಿನಿಂದ ಓದತಕ್ಕ ಕ್ಯೂ. ಆರ್. ಸಂಕೇತವುಳ್ಳ ಪಟ್ಟಿಗಳೂ ಬಂದವು. ಲಕ್ಷಾಂತರ ಜನರು ನೆರೆಯುವ ನಮ್ಮ ಜಾತ್ರೆ ಪರಿಷೆಗಳಲ್ಲಿಯೂ ಇಂತಹ ಏರ್ಪಾಡು ನಿಯಮವಾಗಿ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ನಾಯಿಗೆ ಬಿಲ್ಲೆ ಕಟ್ಟಿದಂತೆ ಮನುಷ್ಯರಿಗೂ ಕಟ್ಟುವುದೇ ಎಂದು ಕೆಲವರು ಮೂಗು ಮುರಿಯಬಹುದು. ಕೂಸಿನ ಸೊಂಟಕ್ಕೆ ಉಡಿದಾರವನ್ನೂ ತೋಳಿಗೆ ತಾಯಿತವನ್ನೂ ಕಟ್ಟುವ ತಾಯಿಯು ಅದನ್ನು ಅವಮಾನವೆಂದು ಬಗೆದವಳಲ್ಲ. ಸಾಕಿದ ನಾಯಿಯ ಬಿಲ್ಲೆಯಾದರೂ ಅದರ ದಾಸ್ಯದ ಚಿಹ್ನೆಯಲ್ಲ. ತನ್ನ ಮನೆಯನ್ನು ಹೇಳಲಾರದ ಮೂಕಪ್ರಾಣಿಗೆ ಅದೇ ಬಾಯಿ. ಇದೇ ಮಾತು ಮಾತುಬಾರದ ಮಗುವಿಗೂ, ಮರೆವಿನ ರೋಗಕ್ಕೆ ತುತ್ತಾದ ವೃದ್ಧರಿಗೂ ಸಲ್ಲುತ್ತದೆ. ನಮ್ಮ ದೇಶದಲ್ಲಿ ೬೦ ವರ್ಷ ಮೀರಿದವರ ಪೈಕಿ ಸುಮಾರು ೮೮ ಲಕ್ಷ ಮಂದಿಗೆ ಈ ರೋಗವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಮಗುವು ಅಳುವುದರಿಂದಲಾದರೂ ಜನರ ಗಮನಕ್ಕೆ ಬರುತ್ತದೆ. ದಾರಿ ತಪ್ಪಿದ ಮುದುಕನು ಸುಮ್ಮನೆ ನಡೆಯುತ್ತ ಹೋಗುವನು. ಅವನನ್ನು ಯಾರೂ ತಡೆಯುವುದಿಲ್ಲ.

ಆದರೆ ಪಟ್ಟಿಯನ್ನು ಕಟ್ಟಿದ ಮಾತ್ರಕ್ಕೆ ಕಾರ್ಯ ಮುಗಿಯಿತೆಂದು ತಿಳಿಯಲಾಗದು. ಇಂಗ್ಲೆಂಡಿನಲ್ಲಿ ೨೦೧೬ರಿಂದ ನಾಯಿಗಳಿಗೂ ೨೦೨೪ರಿಂದ ಸಾಕುಬೆಕ್ಕುಗಳಿಗೂ ಚರ್ಮದಡಿಯಲ್ಲಿ ಮೈಕ್ರೋಚಿಪ್ಪನ್ನು ಇರಿಸುವುದು ಕಡ್ಡಾಯವಾಗಿದೆ. ಆ ಚಿಪ್ಪು ಪ್ರಾಣಿಯು ಎಲ್ಲಿದೆಯೆಂದು ಹೇಳದು. ಅದರಲ್ಲಿರುವುದು ಒಂದು ಸಂಖ್ಯೆ ಮಾತ್ರ. ಯಜಮಾನನು ಮನೆ ಬದಲಿಸಿ ದಾಖಲೆಯನ್ನು ತಿದ್ದಿಸದಿದ್ದರೆ ಆ ಸಂಖ್ಯೆಯು ನಿಷ್ಫಲವಾಗುತ್ತದೆ. ನಮ್ಮಲ್ಲಿಯೇ ಪ್ರಯಾಗದ ಮೇಳವನ್ನು ನೋಡಿ. ಅಲ್ಲಿ ೧೯೪೬ರಲ್ಲಿ ರಾಜಾರಾಮ ತಿವಾರಿಯವರು ಆರಂಭಿಸಿದ ಶಿಬಿರವು, ಯಾವ ಯಂತ್ರವೂ ಇಲ್ಲದ ಕಾಲದಿಂದ, ತಪ್ಪಿಹೋದವರ ಹೆಸರನ್ನು ಕೂಗಿ ಕೂಗಿ ಅವರನ್ನು ಬಂಧುಗಳಿಗೆ ಒಪ್ಪಿಸುತ್ತ ಬಂದಿತು. ಅಲ್ಲಿ ಕೆಲಸ ಮಾಡಿದುದು ಸೇವಕರ ಶ್ರದ್ಧೆ. ನಿಂತು ಓದುವ ಮನುಷ್ಯನಿಲ್ಲದಿದ್ದರೆ ಪಟ್ಟಿಯು ಬರಿಯ ಬಟ್ಟೆಯ ಚೂರು.

ಆದುದರಿಂದ ಮುಜರಾಯಿ ಇಲಾಖೆಯವರೂ ಪೋಲೀಸು ಅಧಿಕಾರಿಗಳೂ ಮೂರು ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು. ಮೊದಲನೆಯದಾಗಿ, ಸಂಕೇತವಿದ್ದರೂ ಇರಲಿ, ಫೋನಿನ ಸಂಖ್ಯೆಯನ್ನು ನೀರಿಗೆ ಅಳಿಸದಂತೆ ದಪ್ಪ ಅಂಕೆಗಳಲ್ಲಿ ಬರೆಯಿಸಬೇಕು, ಬಳೆಯಂಗಡಿಯವನೂ ಓದುವಂತಿರಬೇಕು. ಎರಡನೆಯದಾಗಿ, ಮಗುವಿನ ಹೆಸರು ಪಟ್ಟಿಯ ಒಳಮುಖದಲ್ಲಿರಲಿ. ಹೆಸರು ಹಿಡಿದು ಕರೆದವನನ್ನು ಮಗುವು ಬಂಧುವೆಂದೇ ನಂಬೀತು. ಮೂರನೆಯದಾಗಿ, ಬರೆದುಕೊಂಡ ವಿವರಗಳನ್ನು ಜಾತ್ರೆ ಮುಗಿದೊಡನೆ ನಾಶಪಡಿಸತಕ್ಕದ್ದು. ಮಕ್ಕಳ ವಿವರಗಳಿಗೆ ತಂದೆತಾಯಿಗಳ ಸಮ್ಮತಿ ಬೇಕೆಂದು ೨೦೨೩ರ ಕಾಯಿದೆಯೇ ಹೇಳುತ್ತದೆ. ಪಟ್ಟಿಯನ್ನು ಧರ್ಮಾರ್ಥವಾಗಿ ಕೊಡುವ ವ್ಯಾಪಾರಸ್ಥರಿಗೆ ಆ ಸಂಖ್ಯೆಗಳು ಸರಕಾಗಕೂಡದು.

ಇದಕ್ಕೆ ಬೇಕಾದುದು ಬಟ್ಟೆಯ ಪಟ್ಟಿ, ಅಳಿಯದ ಮಸಿ, ಬರೆದುಕೊಡುವ ಇಬ್ಬರು ಸ್ವಯಂಸೇವಕರು. ಹಣವಿಲ್ಲವೆಂಬ ಸಬೂಬು ಇಲ್ಲಿ ಸಲ್ಲದು. ಮಹಾಜನರ ಪಾಲಿನ ಕರ್ತವ್ಯವೂ ಉಂಟು. ದಿಕ್ಕು ತೋಚದೆ ನಿಂತ ಮಗುವನ್ನಾಗಲಿ ವೃದ್ಧರನ್ನಾಗಲಿ ಕಂಡಾಗ ಕೈಯನ್ನು ನೋಡಿ, ಆ ಸಂಖ್ಯೆಗೆ ಕರೆಮಾಡಿರಿ. ಪಟ್ಟಿ ಇಲ್ಲದಿದ್ದಲ್ಲಿ ಮಕ್ಕಳಿಗಾಗಿ ೧೦೯೮, ವೃದ್ಧರಿಗಾಗಿ ೧೪೫೬೭, ಯಾರಿಗೇ ಆಗಲಿ ೧೧೨ ಇವೆ. ಅನಂತರ ಅವರ ಕಡೆಯವರು ಬರುವ ತನಕ ಅಲ್ಲಿಯೇ ನಿಲ್ಲಿರಿ. ದೇವರ ದರ್ಶನವು ಅರ್ಧ ಗಳಿಗೆ ತಡವಾದರೆ ಪುಣ್ಯಕ್ಕೆ ಕೊರತೆಯಾಗದು.