ಬಾದಾಮಿಗೇ ಬರಲಿ ಎಂಬವರು, ಬೇಡ ಎಂಬವರು

ಸೆರೆಬ್ರಲ್ ಪಾಲ್ಸಿ, ಜತೆಗೆ ಫಿಟ್ಸ್, ನುಂಗಲೂ ತ್ರಾಸು. ಒಂದೇ ಮಗುವಿಗೆ ಮೂರ್ನಾಲ್ಕು ವೈದ್ಯರು ಬೇಕಾದರೆ ಬಾದಾಮಿ ಬಳಿಯ ಚೊಳಚಗುಡ್ಡದ ತಾಯಿ ಬಾಗಲಕೋಟೆ ಇಲ್ಲವೆ ಹುಬ್ಬಳ್ಳಿ ದಾರಿ ಹಿಡಿಯಬೇಕು. ಇಂಥ ಮಕ್ಕಳಿಗೆಂದೇ ಬಾದಾಮಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮೀಸಲಿಡಬೇಕೆ?

ಪರ

ಹನ್ನೆರಡು ವರ್ಷದ ಹುಡುಗನನ್ನು ಹೆಗಲ ಮೇಲೆ ಹೊತ್ತು ಬಸ್ ಹತ್ತಿ ನೋಡಿ. 2023ರ ಶಕ್ತಿ ಯೋಜನೆ ತಾಯಿಯ ಟಿಕೆಟ್ ಉಳಿಸಿತು, ಸರಿ. ಬಸ್ಸಿನ ಮೆಟ್ಟಿಲು ತಗ್ಗಿಸಲಿಲ್ಲ, ಹೋದ ಕೂಲಿ ಕಟ್ಟಿಕೊಡಲಿಲ್ಲ. ಫಿಸಿಯೋಥೆರಪಿ ಒಮ್ಮೆ ಮಾಡಿಸಿ ಮುಗಿಸುವ ಆಪರೇಷನ್ ಅಲ್ಲ, ಬಿಡದೆ ನಡೆಯಬೇಕು. ತಪ್ಪಿದರೆ ಸ್ನಾಯು ಬಿಗಿದು ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಉಣಿಸುವುದನ್ನೇ ನೋಡಿ. ಅಂಗಾತ ಮಲಗಿಸಿ ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದೀತು. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಗದ್ದ ತುಸು ಕೆಳಗಿರಿಸಿ, ಮಂದಗಂಜಿಯನ್ನು ಅರ್ಧರ್ಧ ಚಮಚ ಕೊಡಬೇಕು. ಇದನ್ನು ಕಲಿಯಲು ಹುಬ್ಬಳ್ಳಿಗೇಕೆ ಹೋಗಬೇಕು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಿಸಬೇಕು. ತೊಂದರೆ ಕಂಡರೆ ಕೈಗೆ ಸಿಗುವುದು ದೊಡ್ಡ ಆಸ್ಪತ್ರೆಗೆ ಹೋಗಿ ಎಂಬ ಚೀಟಿ. ಚೀಟಿಯಿಂದ ಬಿಗಿದ ಕಾಲು ಸಡಿಲವಾಗುವುದಿಲ್ಲ.

ವಿರೋಧ

ಬೋರ್ಡು ಹಾಕಿದ ಮಾತ್ರಕ್ಕೆ ಮಕ್ಕಳ ನರರೋಗ ತಜ್ಞರು ಬಾದಾಮಿಗೆ ಬಂದಾರೆಯೆ? ಮೊದಲ ತಿಂಗಳು ಉದ್ಘಾಟನೆ, ಮೂರನೆಯ ತಿಂಗಳು ಬೀಗ: ಇದನ್ನು ನಾವು ನೋಡದವರೇನಲ್ಲ. ಫಿಟ್ಸ್ ಔಷಧದ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ, ಬೆಳೆದಂತೆ ಬದಲಾಗಬೇಕು. ಫಿಟ್ಸ್ ಯಾವ ಬಗೆಯದು, ಏಕೆ ಬರುತ್ತದೆ ಎಂದು ತಿಳಿಯಲು ಇಇಜಿ ಬೇಕು, ಎಂಆರ್‌ಐ ಬೇಕು. ಒಬ್ಬರು ಬರೆದ ಔಷಧ ಇನ್ನೊಬ್ಬರಿಗೆ ತಿಳಿದಿರಬೇಕು. ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಮಾತಿನ ತರಬೇತಿ ಕೊಡುವವರು ಒಂದೇ ಸೂರಿನಡಿ ಸಿಗಲೆಂದೇ ಜಿಲ್ಲೆಗೊಂದು ಶೀಘ್ರ ಮಧ್ಯಸ್ಥಿಕೆ ಕೇಂದ್ರದ (ಡಿಇಐಸಿ) ಏರ್ಪಾಡು ಇರುವುದು. ಅದನ್ನು ಗಟ್ಟಿ ಮಾಡುವ ಮೊದಲೇ ಇರುವ ನಾಲ್ಕು ಜನರನ್ನು ತಾಲ್ಲೂಕು ತಾಲ್ಲೂಕಿಗೆ ಹಂಚಿದರೆ ಎಲ್ಲಿಯೂ ಪೂರ್ತಿ ಚಿಕಿತ್ಸೆ ಸಿಗದು.

ಉಣಿಸುವುದನ್ನು ಕಲಿಸಲು ತಾಲ್ಲೂಕು ಆಸ್ಪತ್ರೆಯ ಕೋಣೆಯಾದರೂ ಏಕೆ? ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು, ಆಶಾ ಕಾರ್ಯಕರ್ತೆಯರನ್ನು ತರಬೇತಿ ಕೊಟ್ಟು ಮನೆಗೇ ಕಳಿಸಿ. ಆ ತಾಯಿಯ ಒಲೆ, ಆಕೆಯದೇ ಚಮಚ, ಆಕೆಯದೇ ಗೋಡೆ. ಅಲ್ಲಿ ಕಲಿತದ್ದು ಮರೆಯುವುದಿಲ್ಲ. ವ್ಯಾಯಾಮವೂ ಅಷ್ಟೆ. ಇನ್ನು ಮಗುವನ್ನು ಹೊತ್ತೊಯ್ಯುವ ಕಷ್ಟ. ಅದು ನಿಜ, ಆದರೆ ಅದಕ್ಕೆ ಮದ್ದು ತಾಲ್ಲೂಕು ಆಸ್ಪತ್ರೆಯ ಮೀಸಲು ದಿನವಲ್ಲ, ಗಾಡಿ. ಗಾಲಿಕುರ್ಚಿ ಏರಿಸಬಹುದಾದ ಒಂದು ಗಾಡಿ, ಸುತ್ತಲಿನ ಊರುಗಳ ಮಕ್ಕಳನ್ನು ಕೂಡಿಸಿ ತಿಂಗಳಿಗೊಮ್ಮೆ ಬಾಗಲಕೋಟೆಗೆ. ತಾಯಂದಿರಿಗೆ ಅಂದಿನ ಕೂಲಿ. ಬನಶಂಕರಿ ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಡಬಲ್ಲ ಸರ್ಕಾರಕ್ಕೆ ಇದು ಭಾರವೇ?