ಹುಡುಗರ ರೂಮಿನ ಒಲೆ ಯಾರದ್ದು?



ನಮ್ಮ ಹೋಟೇಲಿನ ಭಟ್ಟಿಯನ್ನು ನೋಡಲು ಅಗ್ನಿಶಾಮಕ ದಳದವರು ಬರುತ್ತಾರೆ, ಮುನ್ಸಿಪಾಲಿಟಿಯವರು ಬರುತ್ತಾರೆ. ಅವರ ಹೆದರಿಕೆಗಾದರೂ ನಾವು ಅದನ್ನು ಸರಿ ಇಡುತ್ತೇವೆ. ಆದರೆ ಕೆಲಸದ ಹುಡುಗರು ಉಳಿಯುವ ರೂಮಿನಲ್ಲಿ ಎರಡು ಬರ್ನರಿನ ಒಲೆ ಒಂದು ಇರುತ್ತದಲ್ಲ, ಅದನ್ನು ಯಾರು ನೋಡುತ್ತಾರೆ? ಹುಡುಗರು ಅದು ಸೇಟರದ್ದು ಎನ್ನುತ್ತಾರೆ. ನಾವು ಅದು ಹುಡುಗರದ್ದು ಎನ್ನುತ್ತೇವೆ.

ಬೇರೆಯವರಿಗೆ ಬುದ್ಧಿ ಹೇಳಲು ಇದನ್ನು ಬರೆಯುತ್ತಿಲ್ಲ. ತಪ್ಪು ನನ್ನದೇ. ಮನೆಗೆ ಹೊಸ ಒಲೆ ತಂದಾಗ ಹಳೆಯದನ್ನು ವಿಕ್ರೋಳಿಯ ಕನ್ನಮ್‌ವಾರ್ ನಗರದ ನಮ್ಮ ಹುಡುಗರ ರೂಮಿಗೆ ಕಳಿಸಿದೆ, ಟ್ಯೂಬೂ ಹಳೆಯದೇ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಚಹಾಕ್ಕೆ ಒಲೆ ಹಚ್ಚಿದ. ಟ್ಯೂಬಿನ ಬುಡ ಸೀಳಿತ್ತು, ಮಳೆಯೆಂದು ಕಿಟಕಿ ಮುಚ್ಚಿತ್ತು. ಬೆಂಕಿ ಭಗ್ಗೆಂದಿತು. ಜೊತೆಯವನು ರೆಗ್ಯುಲೇಟರ್ ಬಂದ್ ಮಾಡಿದ್ದರಿಂದ ಜೀವ ಉಳಿಯಿತು, ಮುಂಗೈ ಸುಟ್ಟಿತು. ಆಸ್ಪತ್ರೆಯಲ್ಲಿ ಅವನು, "ಅಣ್ಣ, ಎರಡು ತಿಂಗಳಿಂದ ವಾಸನೆ ಬರ್ತಿತ್ತು. ಹೇಳಿದ್ರೆ ಟ್ಯೂಬಿನ ದುಡ್ಡು ಪಗಾರದಲ್ಲಿ ಹಿಡೀತೀರಿ ಅಂತ ಹೇಳ್ಲಿಲ್ಲ" ಎಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ನಮ್ಮ ಊರಿನ ಉದಾಹರಣೆಗಳನ್ನು ಮರೆಯಬಾರದು. 2015ರ ಅಕ್ಟೋಬರ್‌ನಲ್ಲಿ ಕುರ್ಲಾದ ಒಂದು ಹೋಟೇಲಿನ ಬೆಂಕಿಗೆ 8 ಜನ ಬಲಿಯಾದರು. 2017ರ ಡಿಸೆಂಬರ್ 18ರಂದು ಸಾಕಿನಾಕಾದ ಖೈರಾನಿ ರಸ್ತೆಯ ಫರ್ಸಾಣ್ ಅಂಗಡಿಯಲ್ಲಿ 12 ಕೆಲಸಗಾರರು ಸತ್ತರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ಅವರು. ನಾವೂ ಒಂದು ಕಾಲಕ್ಕೆ ಹಾಗೆಯೇ ಬಂದವರಲ್ಲವೇ?

ಒಲೆಯ ಆರೈಕೆ ದೊಡ್ಡ ವಿದ್ಯೆಯಲ್ಲ. ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಒಲೆ ತಣಿಯಲಿ. ಬರ್ನರ್ ತೆಗೆದು ಸೋಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಕಡ್ಡಿ ಹಾಕಬೇಡಿ, ಒಳಗೇ ಮುರಿಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಕೂರಿಸಿ. ಜೆಟ್ಟಿಗೆ ತಂತಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಅದು ಮೆಕ್ಯಾನಿಕ್ ಕೆಲಸ. ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆಯ ತಳ ಕಪ್ಪಾದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ, ಗ್ಯಾಸೂ ಹಾಳು. ಸಿಲಿಂಡರಿನ ಒಲೆಯನ್ನು ಹಾಗೆಯೇ ಪೈಪ್ ಗ್ಯಾಸಿಗೆ ಜೋಡಿಸಬಾರದು, ಜೆಟ್ ಬೇರೆ ಬೇಕು.

ಟ್ಯೂಬು ಐಎಸ್‌ಐ ಗುರುತಿನದ್ದಿರಲಿ. ಒಳಗೆ ತಂತಿ ಇರುವ ಸುರಕ್ಷಾ ಟ್ಯೂಬನ್ನೂ 5 ವರ್ಷಕ್ಕೆ ಬದಲಿಸಬೇಕು, ಬಿರುಕು ಕಂಡರೆ ಅಂದೇ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಕಡ್ಡಿ ಗೀರಿ ನೋಡುವ ಹುಚ್ಚುತನ ಬೇಡ.

ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ಮೋರಿಯಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಹುಡುಗರು ಮಲಗುವುದೂ ನೆಲದಲ್ಲೇ. ವಾಸನೆ ಬಂದರೆ ಲೈಟು, ಫ್ಯಾನು ಯಾವುದರ ಸ್ವಿಚ್ಚನ್ನೂ ಮುಟ್ಟದೆ, ಹಾಕುವುದೂ ಬೇಡ, ಆರಿಸುವುದೂ ಬೇಡ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು. ಹೊರಗಿನಿಂದ 1906ಕ್ಕೆ ಫೋನ್ ಮಾಡಬೇಕು. ಈ ನಂಬರನ್ನು ಹುಡುಗರಿಗೆ ಬರುವ ಭಾಷೆಯಲ್ಲಿ ಗೋಡೆಗೆ ಬರೆಯಿಸಿ.

ಇಷ್ಟೆಲ್ಲ ತಿಳಿದಿದ್ದರೂ ಹುಡುಗ ಬಾಯಿ ಬಿಡದಿದ್ದರೆ ಏನು ಪ್ರಯೋಜನ? ಆದ್ದರಿಂದ ರೂಮಿನ ಒಲೆ, ಟ್ಯೂಬು, ರೆಗ್ಯುಲೇಟರ್ ಖರ್ಚು ಮಾಲಕನದ್ದೇ, ಒಂದು ಪೈಸೆಯೂ ಪಗಾರದಲ್ಲಿ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ. ನಮ್ಮ ಸಂಘವು ಮುಂದಿನ ಸಭೆಯಲ್ಲಿ ಇದನ್ನು ಠರಾವು ಮಾಡಲಿ. ನಾನಂತೂ ಈಗ ಪ್ರತಿ ತಿಂಗಳ ಒಂದನೇ ತಾರೀಕು ಪಗಾರ ಕೊಡಲು ರೂಮಿಗೇ ಹೋಗುತ್ತೇನೆ. ಮೊದಲು ಟ್ಯೂಬು ನೋಡುತ್ತೇನೆ, ಆಮೇಲೆ ಪಗಾರ. ಆ ಹುಡುಗ ಈಗ ಗುಣವಾಗಿ ಕೆಲಸಕ್ಕೆ ಬಂದಿದ್ದಾನೆ. ನೊರೆ ಹಚ್ಚುವ ಕೆಲಸ ಅವನೇ ಕೇಳಿ ತೆಗೆದುಕೊಂಡಿದ್ದಾನೆ.