ಕಾರಿನ ಇನ್ಶೂರೆನ್ಸ್ ಮುಗಿದರೂ 90 ದಿನ ಓಡಿಸಬಹುದೇ? ಆ ಲೆಕ್ಕ ಬಂದಿದ್ದು ಎಲ್ಲಿಂದ?

"ಇನ್ಶೂರೆನ್ಸ್ ಮುಗಿದು ಹತ್ತು ದಿನ ಆಯ್ತಾ? ಪರವಾಗಿಲ್ಲ ಬಿಡಿ, 90 ದಿನ ಟೈಮ್ ಇರುತ್ತೆ." ಮನೆಯಲ್ಲಿ ಕಾರೋ ಬೈಕೋ ಇರುವವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಕೆಲವರು 90 ದಿನ ಅನ್ನುತ್ತಾರೆ, ಕೆಲವರು 30 ದಿನ ಅನ್ನುತ್ತಾರೆ. ಎರಡೂ ತಪ್ಪು.

ವಾಹನ ವಿಮೆಯಲ್ಲಿ ಗ್ರೇಸ್ ಅವಧಿ ಎಂಬುದು ಇಲ್ಲ. ಪಾಲಿಸಿಯಲ್ಲಿ ಬರೆದಿರುವ ಕೊನೆಯ ದಿನದ ಮಧ್ಯರಾತ್ರಿಗೆ ರಕ್ಷಣೆ ನಿಂತುಹೋಗುತ್ತದೆ. ಹತ್ತು ವರ್ಷ ತಪ್ಪದೆ ಹಣ ಕಟ್ಟಿದವರಿಗೂ ಅಷ್ಟೇ, ಮೊದಲ ವರ್ಷದವರಿಗೂ ಅಷ್ಟೇ.

ಹಾಗಾದರೆ 90 ದಿನದ ಮಾತು ಹುಟ್ಟಿದ್ದು ಹೇಗೆ?

ಇದರಲ್ಲಿ ಮೂರು ನಿಜಗಳು ಕಲಸಿಹೋಗಿವೆ.

ಒಂದು, ಜೀವ ವಿಮೆ. ಅಲ್ಲಿ ಕಂತು ಕಟ್ಟಲು ಸಾಮಾನ್ಯವಾಗಿ 30 ದಿನ, ತಿಂಗಳ ಕಂತಾದರೆ 15 ದಿನ ಹೆಚ್ಚುವರಿ ಸಮಯ ಸಿಗುತ್ತದೆ. ಜನ ಅದನ್ನೇ ಕಾರಿಗೂ ಅನ್ವಯಿಸುತ್ತಾರೆ.

ಎರಡು, ನೋ ಕ್ಲೇಮ್ ಬೋನಸ್. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸಿದರೆ ಹಿಂದಿನ ವರ್ಷಗಳಲ್ಲಿ ಗಳಿಸಿದ ರಿಯಾಯಿತಿ ಉಳಿಯುತ್ತದೆ. ಈ 90 ದಿನ ರಿಯಾಯಿತಿಗೆ ಮಾತ್ರ, ರಕ್ಷಣೆಗೆ ಅಲ್ಲ.

ಮೂರು, ಕೊರೊನಾ ಕಾಲದ ವಿನಾಯಿತಿ. 2020ರ ಮಾರ್ಚ್ 25ರಿಂದ ಮೇ 3ರೊಳಗೆ ಮುಗಿಯುತ್ತಿದ್ದ ಥರ್ಡ್ ಪಾರ್ಟಿ ಪಾಲಿಸಿಗಳಿಗೆ ಮೇ 15ರವರೆಗೆ ಹಣ ಕಟ್ಟಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತ್ತು. ಅದು ಲಾಕ್‌ಡೌನ್ ಸಲುವಾಗಿ ಮಾಡಿದ ವ್ಯವಸ್ಥೆ, ಅಲ್ಲಿಗೇ ಮುಗಿಯಿತು.

ದಂಡ ಕಟ್ಟಿದರೆ ಮುಗಿಯಿತಲ್ಲವೇ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 146ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಸೆಕ್ಷನ್ 196ರಡಿ ಮೊದಲ ಬಾರಿ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂಪಾಯಿ.

ಹೆಚ್ಚಿನವರು ಹೆದರುವುದು ಈ ದಂಡಕ್ಕೆ. ನಿಜವಾಗಿ ಹೆದರಬೇಕಾದದ್ದು ಅಪಘಾತದ ನಂತರದ ಪರಿಹಾರದ ಮೊತ್ತಕ್ಕೆ.

ಒಂದು ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುವ, 32 ವರ್ಷದ ಒಬ್ಬ ತರಕಾರಿ ವ್ಯಾಪಾರಿ ಕಾರು ಡಿಕ್ಕಿಯಾಗಿ ತೀರಿಕೊಂಡರು ಎಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಅಪಘಾತ ಪರಿಹಾರ ನ್ಯಾಯಮಂಡಳಿ ಹೀಗೆ ಲೆಕ್ಕ ಹಾಕುತ್ತದೆ:

• ವರ್ಷದ ಆದಾಯ 1,80,000 ರೂಪಾಯಿ
• ಮುಂದೆ ಆದಾಯ ಹೆಚ್ಚಬಹುದಿತ್ತು ಎಂದು ಶೇ. 40 ಸೇರಿಸಿದರೆ 2,52,000
• ಅವರ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 1,89,000
• 31ರಿಂದ 35 ವಯಸ್ಸಿನವರಿಗೆ ನಿಗದಿಯಾದ 16ರಿಂದ ಗುಣಿಸಿದರೆ 30,24,000

ಅಂದರೆ 30 ಲಕ್ಷ ರೂಪಾಯಿಗೂ ಹೆಚ್ಚು. ಅಂತ್ಯಕ್ರಿಯೆ ವೆಚ್ಚ, ಬಡ್ಡಿ ಬೇರೆ. ಚಾಲಕನ ತಪ್ಪು ಸಾಬೀತಾಗದಿದ್ದರೂ ಸೆಕ್ಷನ್ 164ರಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳುವ ಹಕ್ಕು ಸಂತ್ರಸ್ತರ ಕುಟುಂಬಕ್ಕಿದೆ.

ವಿಮೆ ಚಾಲ್ತಿಯಲ್ಲಿದ್ದರೆ ಇದನ್ನು ಕಂಪನಿ ಕೊಡುತ್ತದೆ. ಸಾವು ಮತ್ತು ಗಾಯದ ಪರಿಹಾರಕ್ಕೆ ಥರ್ಡ್ ಪಾರ್ಟಿ ವಿಮೆಯಲ್ಲಿ ಮೇಲ್ಮಿತಿ ಇಲ್ಲ. ವಿಮೆ ಇಲ್ಲದಿದ್ದರೆ ಹೊಣೆ ಕಾರಿನ ಮಾಲೀಕರದ್ದು. ಕಟ್ಟದಿದ್ದರೆ ಸೆಕ್ಷನ್ 174ರಂತೆ ಭೂಕಂದಾಯ ಬಾಕಿಯ ರೀತಿಯಲ್ಲೇ ವಸೂಲಿ ಮಾಡಬಹುದು. ಇದಕ್ಕೆ ಹೋಲಿಸಿದರೆ, 1000ರಿಂದ 1500 ಸಿಸಿಯ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 3,416 ರೂಪಾಯಿ, ತೆರಿಗೆ ಬೇರೆ.

ಈ ಲೆಕ್ಕದ ಇನ್ನೊಂದು ತುದಿಯಲ್ಲಿ ಆ ವ್ಯಾಪಾರಿಯ ಕುಟುಂಬವಿದೆ. ಮಾಲೀಕರ ಬಳಿ ಆಸ್ತಿಯೇ ಇಲ್ಲದಿದ್ದರೆ ನ್ಯಾಯಮಂಡಳಿಯ ಆದೇಶ ಅವರ ಕೈಯಲ್ಲಿ ಬರೀ ಕಾಗದವಾಗಿ ಉಳಿಯುತ್ತದೆ. ಥರ್ಡ್ ಪಾರ್ಟಿ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದು ನಮ್ಮ ಕಾರಿನ ಸಲುವಾಗಿ ಅಲ್ಲ, ಇಂಥ ಕುಟುಂಬಗಳ ಸಲುವಾಗಿ.

"ಕಾರು ಮನೆಯಲ್ಲೇ ನಿಂತಿದೆ, ವಿಮೆ ಯಾಕೆ?"

ನಿಂತ ಕಾರಿಗೂ ನಷ್ಟವಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಸುತ್ತಮುತ್ತ ಮಳೆನೀರು ನುಗ್ಗಿದಾಗ ಮುಳುಗಿದ ಎಷ್ಟೋ ಕಾರುಗಳು ಓಡುತ್ತಿರಲಿಲ್ಲ, ಮನೆ ಮುಂದೆ ನಿಂತಿದ್ದವು. ನೆರೆ, ಬೆಂಕಿ, ಕಳ್ಳತನಕ್ಕೆ ಪರಿಹಾರ ಸಿಗುವುದು ಪಾಲಿಸಿಯ 'ಓನ್ ಡ್ಯಾಮೇಜ್' ಭಾಗದಿಂದ. ಅದು ಮುಗಿದಿದ್ದರೆ ರಿಪೇರಿ ಖರ್ಚೆಲ್ಲ ನಿಮ್ಮದೇ.

ಹೊಸ ಕಾರು ಕೊಂಡವರು ಇಲ್ಲಿ ಸುಲಭವಾಗಿ ಎಡವುತ್ತಾರೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಅದರ ಜೊತೆಗಿನ ಓನ್ ಡ್ಯಾಮೇಜ್ ಬಹಳಷ್ಟು ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಇರುತ್ತದೆ. "ಮೂರು ವರ್ಷಕ್ಕೆ ಕಟ್ಟಿದ್ದೇನೆ" ಎಂದು ನಿಶ್ಚಿಂತೆಯಿಂದ ಇರುವವರು ಪಾಲಿಸಿ ತೆಗೆದು ಎರಡೂ ದಿನಾಂಕ ನೋಡಿಕೊಳ್ಳಿ.

90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ ಕೂಡ ಹೋಗುತ್ತದೆ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ ಶೇ. 20ರಿಂದ ಶುರುವಾಗಿ, ಐದು ವರ್ಷ ಸತತವಾಗಿ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ ಸಿಗುತ್ತದೆ. ಅದನ್ನು ಕಳೆದುಕೊಂಡರೆ ಮತ್ತೆ ಸೊನ್ನೆಯಿಂದ ಆರಂಭ.

ಮಾರಿದ ಕಾರಿನ ಕಥೆ

ಕಾರು ಮಾರಿ ಹಣ ಪಡೆದರೂ ಆರ್‌ಸಿಯಲ್ಲಿ ನಿಮ್ಮ ಹೆಸರೇ ಉಳಿದಿದ್ದರೆ ಹೊಣೆಯೂ ನಿಮ್ಮದೇ. ಹಲವು ಕೈ ಬದಲಾಗಿದ್ದ ಕಾರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದ್ದು ಇದನ್ನೇ: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಪರಿಹಾರ ಕೊಡಬೇಕಾದವರೂ ಅವರೇ. ಕೊಂಡವರು ವಿಮೆ ಕಟ್ಟದೆ ಬಿಟ್ಟರೆ ಪರಿಣಾಮ ನಿಮ್ಮ ಮನೆ ಬಾಗಿಲಿಗೆ ಬರಬಹುದು.

ಈಗಾಗಲೇ ಮುಗಿದುಹೋಗಿದ್ದರೆ ಏನು ಮಾಡಬೇಕು?

• ಹೊಸ ಪಾಲಿಸಿ ಬರುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.
• "ಸೋಮವಾರ ಕಟ್ಟಿಬಿಡ್ತೀನಿ ಸಾರ್" ಎಂಬ ಏಜೆಂಟ್ ಮಾತನ್ನು ನಂಬಿ ಹೊರಡಬೇಡಿ. ಪ್ರೀಮಿಯಂ ಕಂಪನಿಗೆ ತಲುಪುವ ಮೊದಲು ರಕ್ಷಣೆ ಶುರುವಾಗುವುದಿಲ್ಲ. 1938ರ ವಿಮಾ ಕಾಯ್ದೆಯಲ್ಲೇ ಈ ನಿಯಮವಿದೆ.
• ಪಾಲಿಸಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ನೋಡಿ. ಬೆಳಿಗ್ಗೆ ಅಪಘಾತ ಮಾಡಿ ಸಂಜೆ ಪಾಲಿಸಿ ಕೊಂಡರೆ ಪ್ರಯೋಜನವಿಲ್ಲ. ಸಮಯ ನಮೂದಾಗಿದ್ದರೆ ರಕ್ಷಣೆ ಆ ಸಮಯದಿಂದ ಮಾತ್ರ ಎಂದು ಸುಪ್ರೀಂ ಕೋರ್ಟ್ ಹೇಳಿದೆ.
• ಓನ್ ಡ್ಯಾಮೇಜ್ ಸೇರಿಸಿ ಕೊಳ್ಳುವಾಗ ಕಂಪನಿ ಸಾಮಾನ್ಯವಾಗಿ ಕಾರಿನ ತಪಾಸಣೆ ಕೇಳುತ್ತದೆ. ಹಳೆಯ ಗೀರು, ನುಗ್ಗು ಮುಚ್ಚಿಡಬೇಡಿ. ಕ್ಲೇಮ್ ಸಮಯದಲ್ಲಿ ಅದೇ ತಕರಾರಾಗುತ್ತದೆ.
• ಪಾಲಿಸಿ ಬಂದ ಮೇಲೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ, ಹೊಸ ದಿನಾಂಕ ಕಾಣುತ್ತಿದೆಯೇ ನೋಡಿ. ನಕಲಿ ಪಾಲಿಸಿಯ ಅನುಮಾನವಿದ್ದರೆ ನೇರವಾಗಿ ಕಂಪನಿಯನ್ನೇ ಕೇಳಿ.

ಒಟ್ಟಿನಲ್ಲಿ, 90 ದಿನ ಉಳಿಯುವುದು ರಿಯಾಯಿತಿ ಮಾತ್ರ, ರಕ್ಷಣೆ ಒಂದು ದಿನವೂ ಉಳಿಯುವುದಿಲ್ಲ. 90 ದಿನದ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಪಾಲಿಸಿಯ ಕೊನೆಯ ದಿನಾಂಕ ಯಾವುದೆಂದು ಒಮ್ಮೆ ನೋಡಿ.